ಬಿಳಿ ತೊಗಲು

ಅತ್ತೆ ಸೊಸೆಗೆ ಆಗಿಬರುವುದಿಲ್ಲ, ನಡುವೆ ಸಿಕ್ಕ ಗಂಡಸರು ನರಳುತ್ತಾರೆ, ಇದು ಎಲ್ಲ ಮನೆಗಳ ಕಥೆ. ಆ ಮನೆಯಲ್ಲಿ ಮಾತ್ರ ಎಲ್ಲ ತಲೆಕೆಳಗಾಗಿತ್ತು. ಮಾವನಿಗೂ ಸೊಸೆಗೂ ಎಷ್ಟು ಹೊಂದಿಕೊಂಡಿತ್ತೆಂದರೆ, ಮಿಕ್ಕವರು ತಮ್ಮ ಮನೆಯಲ್ಲೇ ನೆಂಟರಂತಾಗಿದ್ದರು.

"ಇಬ್ಬರೂ ಸೇರಿ ನನ್ನ ಮನೇಲಿ ಬೂಷ್ಟು ಬೆಳೀತಿದ್ದಾರೆ," ಎಂದು ಅತ್ತೆ ಬೀದಿಯವರೊಂದಿಗೆ ಹೇಳಿಕೊಂಡು ನಗುತ್ತಿದ್ದರು. "ರೊಟ್ಟಿಗೆ ಬೂಷ್ಟು ಬಂದ್ರೆ ನಾನು ಎಸೀತೀನಿ. ಇವರು ಬೂಷ್ಟಿಗೆ ಅಂತಾನೇ ಒಂದು ಕೋಣೆ ಕೊಟ್ಟಿದ್ದಾರೆ!"

ಆಗಿನ್ನೂ ಅದು ನಗುವ ಮಾತಾಗಿತ್ತು.

ಮಾವ ಚರ್ಮದ ಬ್ಯಾಗು ಮಾಡುವವರು. ಮನೆಯ ಮುಂಭಾಗವೇ ಅಂಗಡಿ. ಅವರ ಕೈಯಿಂದ ಹೊರಟ ಬ್ಯಾಗಿನ ಹಿಡಿ ಕಿತ್ತುಬಂದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಊರಾಚೆ ಚರ್ಮ ಹದಮಾಡುವ ಕಾರ್ಖಾನೆ ಹೊಳೆಗೆ ವಿಷ ಬಿಡುತ್ತದೆಂದು ಗಲಾಟೆಯಾಗಿ, ಅದಕ್ಕೆ ಬೀಗ ಬಿತ್ತು. ಚರ್ಮ ಬರುವುದು ನಿಂತಿತು. ಪ್ಲಾಸ್ಟಿಕ್ಕಿನ ರೆಕ್ಸಿನ್ನಿನಲ್ಲಿ ಹೊಲಿದುಕೊಡಿ ಎಂದವರನ್ನು ಮಾವ ಮೆಟ್ಟಿಲಿಂದಲೇ ಕಳಿಸಿದರು. "ಅದಕ್ಕೆ ನಾನ್ಯಾಕೆ? ಕತ್ತರಿ ಹಿಡಿಯೋಕೆ ಬರೋ ಯಾರಾದ್ರೂ ಸಾಕು." ಆಮೇಲೆ ಬೆಳಗಿನಿಂದ ಸಂಜೆವರೆಗೆ ಚರ್ಮ ಕೊಯ್ಯುವ ರಂಪಿಯನ್ನು ಕಲ್ಲಿಗೆ ಹಾಕಿ ಮಸೆಯುತ್ತ ಕೂತರು. ಕೊಯ್ಯಲು ಏನೂ ಇಲ್ಲದ ರಂಪಿ ತಾನೇ ಸವೆದು ಸಣ್ಣದಾಗುತ್ತಿತ್ತು. 

ಸೊಸೆ ಮದುವೆಗೆ ಮುಂಚೆ ಅಣಬೆ ಬೆಳೆಯುವ ಶೆಡ್ಡೊಂದರಲ್ಲಿ ದುಡಿದವಳು. ಮರದ ಹೊಟ್ಟು ತುಂಬಿದ ಚೀಲಗಳಲ್ಲಿ ಅಣಬೆ ತಲೆ ಎತ್ತುವ ಮೊದಲು ಬಿಳಿ ಬೇರು ಹೆಣೆದುಕೊಂಡು ದಪ್ಪ ಪದರವಾಗುತ್ತದೆ. ಅದನ್ನು ಸುಲಿದು ಹದಮಾಡಿದರೆ ಚರ್ಮದ ಹಾಗೆಯೇ ಆಗುತ್ತದೆ, ದೊಡ್ಡ ದೊಡ್ಡ ಫ್ಯಾಷನ್ ಕಂಪನಿಗಳು ಅದಕ್ಕಾಗಿ ಬಾಯಿಬಿಡುತ್ತಿವೆ ಎಂದು ಅಲ್ಲಿ ತರಬೇತಿಗೆ ಬಂದವರೊಬ್ಬರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಮಾವ ರಂಪಿ ಮಸೆಯುವುದನ್ನು ನೋಡಲಾರದೆ, ಹಿತ್ತಿಲಲ್ಲಿ ಒಂದು ಟ್ರೇಯಲ್ಲಿ ಬೆಳೆಸಿ, ಸುಲಿದು, ತೊಗಟೆ ಕುದಿಸಿದ ನೀರಿನಲ್ಲಿ ನೆನೆಹಾಕಿ, ಒತ್ತಿ ಒಣಗಿಸಿ, ಅಂಗೈಯಗಲದ ತುಂಡೊಂದನ್ನು ತಂದು ಮಾವನ ಮುಂದಿಟ್ಟಳು.

ಮಾವ ಹೆಬ್ಬೆರಳಿನಿಂದ ಉಜ್ಜಿದರು. ಮಡಚಿದರು. ಮೂಗಿಗೆ ಹಿಡಿದು ಮೂಸಿದರು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು.

"ಯಾವ ಪ್ರಾಣಿದಮ್ಮ ಇದು?"

"ಪ್ರಾಣಿದಲ್ಲ ಮಾವ. ಅಣಬೇದು."

"ಅಣಬೆಗೆ ತೊಗಲು ಬಂದಿದ್ದು ಯಾವಾಗ!" ಎಂದ ಮಾವ ಆ ತುಂಡನ್ನು ವಾಪಸು ಕೊಡಲೇ ಇಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂತರು.

ನಾದಿನಿಯ ಕೋಣೆ ಖಾಲಿಯಾಯಿತು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರು. ಹೊರಗಿನ ಗಾಳಿ ಬಂದರೆ ಪದರ ಬಲಿಯುವ ಬದಲು ಅಣಬೆ ಕೊಡೆ ಬಿಚ್ಚಿ ಮಾಲು ಕೆಡುತ್ತದೆ. ಗೋಡೆಗಂಟಿ ಕಬ್ಬಿಣದ ಅಡ್ಡಪಟ್ಟಿಗಳು ಬಂದವು, ಅವುಗಳ ಮೇಲೆ ಸಾಲಾಗಿ ಟ್ರೇಗಳು. ಒಳಗೆ ಕಾಲಿಟ್ಟರೆ ಸ್ನಾನದ ಮನೆಯ ಹಾಗೆ ಬೆಚ್ಚಗೆ, ತೇವ, ನೆಲಮಾಳಿಗೆಯ ವಾಸನೆ.

ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದಳು. "ಹೆಣ್ಮಕ್ಕಳನ್ನ ಮದುವೆ ಮಾಡಿ ಹೊರಗೆ ಹಾಕ್ತಾರೆ. ನನ್ನನ್ನ ಅಣಬೆಗೋಸ್ಕರ ಹಾಕಿದ್ರಿ. ಕೂದಲು ಕತ್ತರಿಸ್ಕೊಳ್ಳೋಕೆ ಬಂದವರೆಲ್ಲ, ಏನ್ರೀ ನಿಮ್ಮ ಮೈಯೆಲ್ಲ ಮುಗ್ಗಲು ವಾಸನೆ ಅಂತಾರೆ."

"ಅತ್ತರು ಹಾಕ್ಕೋ," ಎಂದ ಅವಳ ಅಣ್ಣ, ಸೊಸೆಯ ಗಂಡ. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ ಅವನದು ಒಂದೇ ನೀತಿ: ತಾನು ಮನೆಗೆ ಬರುವುದು ಊಟಕ್ಕೆ, ಪಂಚಾಯಿತಿಗಲ್ಲ.

ಸುದ್ದಿ ತಿಳಿದು ಒಂದು ದಿನ ಕಾರಿನಲ್ಲಿ ಫ್ಯಾಷನ್ ಕಂಪನಿಯ ಮೇಡಂ ಒಬ್ಬಳು ಬಂದಳು. ಬಟ್ಟೆ, ಬ್ಯಾಗುಗಳ ದೊಡ್ಡ ಪ್ರದರ್ಶನಕ್ಕೆ ಮಾಲು ಕೂಡಿಸುವವಳು. ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಅದಕ್ಕಿಂತ ಹೆಚ್ಚು ಹೊತ್ತು ಮಾವನ ಮುಖ ನೋಡಿದಳು.

"ಜೀವನವೆಲ್ಲ ಪ್ರಾಣಿ ಚರ್ಮ ಕೊಯ್ದ ಕೈ, ಈಗ ಅಣಬೆ ಚರ್ಮ ಕೊಯ್ತಾ ಇದೆ. ಯಜಮಾನ್ರೇ, ಬ್ಯಾಗಿಗಿಂತ ನಿಮ್ಮ ಕಥೆ ಚೆನ್ನಾಗಿ ಮಾರಾಟ ಆಗುತ್ತೆ," ಎಂದು ಫೋಟೊ ತೆಗೆದುಕೊಂಡಳು. ಆರ್ಡರ್ ಕೊಟ್ಟಳು. ಒಳಗಿನ ಬಟ್ಟೆಯ ಅಸ್ತರಿಯನ್ನು ಎದುರು ಮನೆಯ ದರ್ಜಿ ಹೊಲಿಯುವುದೆಂದೂ, ಮಿಕ್ಕದ್ದೆಲ್ಲ ಮಾವನ ಕೈಯಲ್ಲೇ ಆಗಬೇಕೆಂದೂ ಮಾತಾಯಿತು.

ಮಾವ ಆ ಸಂಜೆ ಮಗಳ ಕೈಯಲ್ಲಿ ಕೂದಲು ಕತ್ತರಿಸಿಕೊಂಡರು. ಅತ್ತೆ ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ನಾನು ಹೇಳಿದ್ದಕ್ಕೆ ಒಂದಿನ ಗಡ್ಡ ಕೆರೆದವರಲ್ಲ," ಎಂದರು. ಆದರೂ ಅಂದು ಗಂಡನ ತಟ್ಟೆಗೆ ಇನ್ನೊಂದು ಮೊಟ್ಟೆ ಬಿತ್ತು.

ಕೆಮ್ಮು ಶುರುವಾದದ್ದು ಆಮೇಲೆ.

ಊಟದ ನಡುವೆ ಮಾವ ಕೆಮ್ಮಿದರು. ನೆತ್ತಿಗೆ ಹತ್ತಿತೆಂದು ಅತ್ತೆ ನೀರು ಕೊಟ್ಟರು. ನೀರು ಕುಡಿದು ಮತ್ತೆ ಕೆಮ್ಮಿದರು. ಕಫವಿಲ್ಲ, ಏನಿಲ್ಲ, ಒಣಗಿದ ಎಲೆ ತುಳಿದಂಥ ಸದ್ದು. ತಟ್ಟೆ ಸರಿಸಿ, "ಚಳಿ ಆಗ್ತಿದೆ ಕಣೇ," ಎಂದು ಹೋಗಿ ಹೊದ್ದು ಮಲಗಿದರು. ಬೆಳಗ್ಗೆ ಎದ್ದಾಗ ಏನೂ ಆಗಿರದವರ ಹಾಗೆ ಚಹಾ ಕೇಳಿದರು.

ಸೊಸೆಯ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿದಿತ್ತು. ಆ ಕೆಮ್ಮು ಅವಳಿಗೆ ಪರಿಚಯದ್ದು. ಶೆಡ್ಡಿನಲ್ಲಿ ಹಳೆಯ ಹೊಟ್ಟು ಬಗ್ಗಿಸಿ ಸುರಿಯುವ ಕೆಲಸಕ್ಕಿದ್ದ ಹೆಂಗಸರು ಹೀಗೆಯೇ ಕೆಮ್ಮುತ್ತಿದ್ದರು. ಸಂಜೆ ಚಳಿಜ್ವರ, ಬೆಳಗ್ಗೆ ಗುಣ. ಅವರಲ್ಲೊಬ್ಬಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಕೊನೆಕೊನೆಗೆ ದೊಡ್ಡಕ್ಕ ನೀರಿನ ಕೊಡ ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ಕೆಲಸಕ್ಕೆ ಬರುವುದು ಬಿಟ್ಟಳು. ಆಮೇಲೆ ಅವಳ ಸುದ್ದಿ ಯಾರೂ ಎತ್ತಲಿಲ್ಲ.

"ಮಾವ, ಟ್ರೇ ಬಗ್ಗಿಸುವಾಗ ಧೂಳೇಳುತ್ತೆ. ನನ್ನ ಹಾಗೆ ನೀವೂ ಮಾಸ್ಕ್ ಹಾಕ್ಕೊಳ್ಳಿ," ಎಂದಳು ಮಾರನೆಯ ದಿನ.

ಮಾವ ಹಾಕಿಕೊಂಡು ನೋಡಿದರು. ಸ್ವಲ್ಪ ಹೊತ್ತಿಗೆ ಕಿತ್ತು ಮೊಳೆಗೆ ನೇತುಹಾಕಿದರು. "ಹದ ಬಂದಿದೆಯೋ ಇಲ್ಲವೋ ಹೇಳೋದು ಮೂಗಮ್ಮ. ಮೂಗಿಗೆ ಬಾಗಿಲು ಹಾಕಿದ್ರೆ ನಾನು ಕುರುಡ."

"ಹಾಗಾದ್ರೆ ಬಗ್ಗಿಸೋ ಕೆಲಸ ನಾನೊಬ್ಬಳೇ ಮಾಡ್ತೀನಿ."

"ನೀನು ಬೆಳೆಸ್ತೀಯ, ತೊಳೀತೀಯ, ಒತ್ತುತ್ತೀಯ, ಅಡುಗೆಮನೇಲೂ ದುಡೀತೀಯ. ನಾನೇನು ಇಲ್ಲಿ ಫೋಟೊಗೆ ಕೂತಿದ್ದೀನಾ?"

ಸೊಸೆ ಮತ್ತೆ ಹೇಳಬಹುದಿತ್ತು. ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಮಾವ ಹೊಸ ಹಾಳೆಯನ್ನು ಟ್ರೇಯಿಂದ ಸುಲಿಯುತ್ತಿದ್ದರು. ಎಲ್ಲೂ ಹರಿಯದೆ, ಹಾಲಿನ ಕೆನೆ ಎತ್ತಿದ ಹಾಗೆ ಹಾಳೆ ಎದ್ದು ಬಂತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಕೆಮ್ಮು ಬಿಡಲಿಲ್ಲ. ಮಾವನ ಪ್ಯಾಂಟು ಸಡಿಲವಾಯಿತು. ಅತ್ತೆ ಮೊದಲು ಬೀಡಿಯನ್ನು ಬೈದರು. ಅದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹವೆಯನ್ನು ಬೈದರು. ಕೊನೆಗೆ, "ಡಾಕ್ಟರ ಹತ್ರ ಕರ್ಕೊಂಡು ಹೋಗು. ನಾನು ಹೇಳಿದ್ರೆ ಕೇಳಲ್ಲ, ನೀನು ಹೇಳಿದ್ರೆ ವೇದವಾಕ್ಯ," ಎಂದು ಸೊಸೆಯನ್ನು ಅಟ್ಟಿದರು.

ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಮನೇಲಿ ಪಾರಿವಾಳ, ಕೋಳಿ ಏನಾದ್ರೂ ಸಾಕಿದ್ದೀರಾ? ಹುಲ್ಲು, ಹೊಟ್ಟು, ಬೂಷ್ಟು ಹಿಡಿಯೋ ಸಾಮಾನು? ಇತ್ತೀಚೆಗೆ ಹೊಸ ಕೆಲಸ ಏನಾದ್ರೂ ಹಿಡಿದಿದ್ದೀರಾ?"

"ಇಲ್ಲ ಡಾಕ್ಟ್ರೇ. ಅದೇ ಹಳೇ ಚರ್ಮದ ಕೆಲಸ," ಎಂದರು ಮಾವ.

ಹೇಳಿ, ತಿರುಗಿ ಸೊಸೆಯನ್ನು ನೋಡಿದರು. ಆ ನೋಟದಲ್ಲಿ ಹಿರಿಯರ ಗದರಿಕೆ ಇದ್ದಿದ್ದರೆ ಅವಳು ಬಾಯಿಬಿಡುತ್ತಿದ್ದಳೋ ಏನೋ. ಇದ್ದದ್ದು ಬೇಡಿಕೆ. ಅಂಗಡಿಯ ಮೂಲೆಯಲ್ಲಿ ಮತ್ತೆ ರಂಪಿ ಮಸೆಯುತ್ತ ಕೂರಿಸಬೇಡಮ್ಮ ಎಂಬ ಬೇಡಿಕೆ.

"ನೀವೇನಾದ್ರೂ ಹೇಳೋದಿದೆಯಾ?" ಡಾಕ್ಟರು ಅವಳನ್ನೇ ಕೇಳಿದರು.

"ಇಲ್ಲ," ಎಂದಳು ಸೊಸೆ.

ಮಾತ್ರೆ, ಔಷಧದ ಬಾಟಲಿ ಹಿಡಿದು ಇಬ್ಬರೂ ಮನೆಯ ಕಡೆ ನಡೆದರು. ಮಾವ ದಾರಿಯಲ್ಲಿ ಕಿತ್ತಳೆಹಣ್ಣು ಕೊಂಡರು. ಒಂದನ್ನು ಸುಲಿದು ಅರ್ಧ ಅವಳಿಗೆ ಕೊಟ್ಟು, "ಆರ್ಡರ್ ಮುಗೀಲಿ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ," ಎಂದರು. ಹಣ್ಣು ಸಿಹಿಯಾಗಿತ್ತು. ಅವಳು ಒಂದು ತೊಳೆ ತಿಂದು, ಉಳಿದದ್ದನ್ನು ಕೈಯಲ್ಲೇ ಹಿಡಿದು ನಡೆದಳು.

ಔಷಧದ ಬಾಟಲಿ ಖಾಲಿಯಾದರೂ ಕೆಮ್ಮು ತುಂಬಿಕೊಂಡೇ ಇತ್ತು. ಅತ್ತೆ ಯಾರನ್ನೂ ಕೇಳದೆ ಗಂಡನ ಬಟ್ಟೆಬರೆ ಚೀಲಕ್ಕೆ ತುರುಕಿ, "ಅಕ್ಕನ ಮನೇಲಿ ಒಂದಷ್ಟು ದಿನ ಇದ್ದು ಬರ್ತೀವಿ. ಹವಾ ಬದಲಾಗ್ಲಿ," ಎಂದು ಹೊರಡಿಸಿದರು. ಮಾವ ಬಸ್ಸು ಹತ್ತುವವರೆಗೂ ಟ್ರೇಗಳ ಮಾತೇ ಆಡಿದರು.

ಅವರಿಲ್ಲದ ದಿನಗಳಲ್ಲಿ ಸೊಸೆ ಮಾಸ್ಕ್ ಬಿಗಿದುಕೊಂಡು ಎಲ್ಲ ಕೆಲಸವನ್ನೂ ಒಬ್ಬಳೇ ಮಾಡಿದಳು. ಗಂಡ ಬಾಗಿಲಲ್ಲಿ ಇಣುಕಿ, "ಅಪ್ಪನಿಗೆ ಇದರಿಂದಲೇನಾದ್ರೂ..." ಎಂದು ಶುರುಮಾಡಿದ. ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಅವನತ್ತ ತಿರುಗಿದಳು. ಕೇಳಲಿ, ಪೂರ್ತಿ ಕೇಳಲಿ, ಹೇಳಿಬಿಡುತ್ತೇನೆ ಎಂದು ಕಾದಳು.

"ಏನಿಲ್ಲ ಬಿಡು. ಊಟಕ್ಕೇನಿದೆ?" ಎಂದು ಅವನು ಹೊರಟುಹೋದ.

ಮಾವ ಮರಳಿದಾಗ ಗುರುತು ಸಿಗದಷ್ಟು ಚೇತರಿಸಿಕೊಂಡಿದ್ದರು. ಕೆನ್ನೆ ತುಂಬಿತ್ತು. ಅಕ್ಕನ ಮನೆಯ ಮಹಡಿಯನ್ನು ಹೇಗೆ ಸರಸರ ಹತ್ತಿದರೆಂದು ಅತ್ತೆ ಬೀದಿಗೆಲ್ಲ ಹೇಳಿದರು. ಮಾವ ಚೀಲ ಕೆಳಗಿಡುವ ಮುಂಚೆಯೇ ಒಳಕೋಣೆ ಹೊಕ್ಕರು. "ನಾನಿಲ್ದೆ ಇವು ಬಡವಾಗಿವೆ," ಎಂಬ ಮಾತು ಕೇಳಿಸಿತು, ಟ್ರೇ ಬಗ್ಗಿಸಿದ ಸದ್ದು ಕೇಳಿಸಿತು.

ಸಂಜೆ ಕಂಬಳಿ ಹೊದ್ದು ಊಟಕ್ಕೆ ಕೂತಾಗ ಚಳಿಗೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು, ಒಣಕೆಮ್ಮೂ ಮರಳಿತ್ತು.

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಅಕ್ಕನ ಮನೇಲಿ ಕೆಮ್ಮಲಿಲ್ಲ. ಬಸ್ಸಲ್ಲಿ ಕೆಮ್ಮಲಿಲ್ಲ. ಈ ಮನೇಲಿ ಏನಿದೆ ಹೇಳಿ."

"ಪ್ರಯಾಣದ ಆಯಾಸ ಕಣೇ."

"ಮಧ್ಯಾಹ್ನ ಬಂದಾಗ ಇಲ್ಲದ ಆಯಾಸ, ಆ ಕೋಣೆಗೆ ಹೋಗಿ ಬಂದ ಮೇಲೆ ಬಂತಾ?"

"ಅಮ್ಮಾ, ನಾನು ಮೊದಲೇ ಹೇಳಲಿಲ್ವಾ, ಆ ಕೋಣೆ ವಾಸನೆನೇ ಸರಿ ಇಲ್ಲ ಅಂತ," ಎಂದಳು ನಾದಿನಿ.

"ಅದಕ್ಕೇ ಅಲ್ವಾ ನಾನು ಅತ್ತರು ಹಾಕ್ಕೋ ಅಂದಿದ್ದು," ಎಂದ ಅಣ್ಣ. ಯಾರೂ ನಗಲಿಲ್ಲ.

ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು ಅಣಬೆ ಶೆಡ್ಡಲ್ಲಿ ಕೆಲಸ ಮಾಡಿದವಳು. ನೀನು ಹೇಳು. ಇದರಿಂದ ಹೀಗಾಗುತ್ತಾ?"

ಮಾವ ಕಂಬಳಿಯೊಳಗಿಂದ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದರು.

"ನನಗೆ ಗೊತ್ತಿಲ್ಲ ಅತ್ತೆ."

 ಅತ್ತೆ ದನಿ ಏರಿಸದೆ ಕೇಳಿದರು: "ಗೊತ್ತಿಲ್ಲದೇ ಇದ್ರೆ, ನಿನ್ನ ಮೂಗಿಗೆ ಯಾಕಮ್ಮ ಬಟ್ಟೆ ಕಟ್ಕೋತೀಯ?"

 ಸೊಸೆ ತಟ್ಟೆಯನ್ನು ನೋಡುತ್ತ ಕೂತಳು. ತಟ್ಟೆಯ ಅನ್ನ ಮಂಜುಮಂಜಾಯಿತು. "ಗೊತ್ತಿತ್ತು ಅತ್ತೆ," ಎಂದಳು. "ಮೊದಲನೇ ಕೆಮ್ಮಿಗೇ ಗೊತ್ತಿತ್ತು."

ಗಂಡ ಎದ್ದು ಕೈ ತೊಳೆಯಲು ಹೋದವನು ವಾಪಸು ಬರಲಿಲ್ಲ. ನಾದಿನಿ ಅಳತೊಡಗಿದಳು. ಅತ್ತೆ ಮಾತ್ರ ಅಳಲಿಲ್ಲ, ಬೈಯಲೂ ಇಲ್ಲ. ಮಾವನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಸೊಸೆಯೊಂದಿಗೆ ಮಾತು ಬಿಟ್ಟರು.

ಈ ಸಲ ಡಾಕ್ಟರ ಮುಂದೆ ಸೊಸೆಯೇ ಎಲ್ಲವನ್ನೂ ಹೇಳಿದಳು. ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಆಯಿತು. ಶ್ವಾಸಕೋಶ ಮೆತ್ತಗಿನ ಸ್ಪಂಜಿನಂತಿರಬೇಕು, ಇವರದು ಅಂಚಿನಿಂದ ಗಟ್ಟಿಯಾಗುತ್ತ ಬಂದಿದೆ ಎಂದರು ಅಲ್ಲಿಯ ಡಾಕ್ಟರು. "ಗಾಳಿ ಆಡೋ ಶೆಡ್ಡು, ಧೂಳು ಎಳೆಯೋ ಫ್ಯಾನು, ಮಾಸ್ಕು, ಇದೆಲ್ಲ ಇಟ್ಕೊಂಡು ಬೆಳೆಸೋರು ಇದ್ದಾರೆ. ನೀವು ಮಲಗೋ ಮನೆ ಮುಚ್ಕೊಂಡು ಬೆಳೆಸಿದ್ದೀರಿ. ಇವರು ಇನ್ನು ಶೆಡ್ಡಿಗೂ ಹೋಗೋ ಹಾಗಿಲ್ಲ. ಆಗಿದ್ದು ವಾಪಸು ಬರಲ್ಲ. ಇನ್ನು ಆ ಧೂಳು ಮುಟ್ಟದೇ ಇದ್ರೆ ಇಷ್ಟಕ್ಕೇ ನಿಲ್ಲಬಹುದು. ಮುಟ್ಟಿದ್ರೆ ನನ್ನ ಹತ್ರ ಔಷಧಿ ಇಲ್ಲ."

ಸೊಸೆ ಮಾರನೆಯ ಬೆಳಗ್ಗೆಯೇ ಕೋಣೆ ಖಾಲಿಮಾಡಲು ನಿಂತಳು. ಗಂಡ ಅಡ್ಡ ಬಂದ. "ಕೊನೇ ಸಾಲು ಇನ್ನೇನು ಸುಲಿಯೋಕೆ ಬಂದಿದೆ. ಒಂದು ವಾರ ತಡೀ. ಅಪ್ಪನ್ನ ಒಳಗೆ ಬಿಡದೇ ಇದ್ರೆ ಆಯ್ತು."

"ನಿನ್ನ ಅಪ್ಪನ್ನ ಬಿಡದೇ ಇರೋಕೆ ನಿನ್ನ ಕೈಲಾಗುತ್ತಾ?"

ಅವನು ದಾರಿ ಬಿಟ್ಟ. ಬೆಳೆಯುತ್ತಿದ್ದ ಹಾಳೆಗಳೆಲ್ಲ ಒದ್ದೆಯಾಗಿ, ಬೆಳ್ಳಗೆ, ಚೀಲಗಳಿಗೆ ಹೋದವು. ನಾದಿನಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗೋಡೆ ಉಜ್ಜಿದಳು. ಮಾವ ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಸೊಸೆ ಕೊನೆಯ ಚೀಲ ಹೊತ್ತು ದಾಟುವಾಗ, "ಅವತ್ತು ಆ ತುಂಡು ತಂದು ನನ್ನ ಮುಂದೆ ಇಡಬಾರದಿತ್ತು ನೀನು," ಎಂದರು. "ಇಲ್ಲದ್ದನ್ನ ಕೊಟ್ಟು ಕಿತ್ಕೊಳ್ಳೋದಕ್ಕಿಂತ, ಇಲ್ಲ ಅಂತಲೇ ಇದ್ದಿದ್ರೆ ಆಗ್ತಿತ್ತು."

ಸಿದ್ಧವಾಗಿದ್ದಷ್ಟು ಬ್ಯಾಗುಗಳನ್ನು ಒಯ್ಯಲು ಕಂಪನಿ ಮೇಡಂ ಬಂದಳು. ಖಾಲಿ ಕೋಣೆಯನ್ನು ನೋಡಿ ಗಾಬರಿಯಾದಳು. ಕುರ್ಚಿಯಲ್ಲಿ ಒರಗಿ ಮೇಲುಸಿರು ಬಿಡುತ್ತಿದ್ದ ಮಾವನನ್ನು ನೋಡಿ, "ಯಜಮಾನ್ರಿಗೆ ಏನಾಯ್ತು?" ಎಂದಳು.

"ಈ ಹಾಳೆ ಬೆಳೆಸಿದ್ದರ ಧೂಳು," ಎಂದಳು ಸೊಸೆ. "ಎದೆಗೆ ಹೊಕ್ಕಿದೆ. ಇನ್ನು ಮನೇಲಿ ಬೆಳೆಸಲ್ಲ. ಊರಾಚೆ ಒಂದು ಶೆಡ್ಡು ಆಗಬೇಕು, ಫ್ಯಾನು ಬೇಕು. ಅದಕ್ಕೆ ನೀವು ಜೊತೆಗೆ ನಿಲ್ಲೋದಾದ್ರೆ..."

"ಅವಳ ಮಾತು ಬಿಡಿ ಮೇಡಂ," ಎಂದು ಮಾವ ಕುರ್ಚಿಯಿಂದಲೇ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಇಳಿಯುವವರೆಗೆ ಎಲ್ಲರೂ ಕಾದರು. "ವಯಸ್ಸಾಯ್ತಲ್ಲ. ವಯಸ್ಸಿನ ಕೆಮ್ಮು."

ಮೇಡಂ ಸೊಸೆಯ ಮುಖ ನೋಡಿದಳು, ಮಾವನ ಮುಖ ನೋಡಿದಳು. ಎರಡರಲ್ಲಿ ತನಗೆ ಅನುಕೂಲವಾದದ್ದನ್ನು ನಂಬಿದಳು. "ಹುಷಾರಾಗಿರಿ ಯಜಮಾನ್ರೇ," ಎಂದಳು. ಶೆಡ್ಡಿನ ಮಾತಿಗೆ, "ನೋಡೋಣ," ಎಂದಳು. ಬಾಗಿಲವರೆಗೆ ಹೋಗಿ, ದನಿ ತಗ್ಗಿಸಿ ಸೊಸೆಗೆ, "ಧೂಳು ಗೀಳು ಅಂತ ಹೊರಗೆಲ್ಲೂ ಹೇಳ್ಬೇಡಿ. ಜನ ತಪ್ಪು ತಿಳ್ಕೋತಾರೆ," ಎಂದಳು. ಅವಳ ಕಾರು ಕೂಡಲೇ ಹೊರಡಲಿಲ್ಲ. ಎದುರು ಮನೆಯ ದರ್ಜಿಯ ಜೊತೆ ಅಸ್ತರಿಯ ಲೆಕ್ಕ ಮುಗಿಸುವುದಿತ್ತೋ ಏನೋ, ಬಹಳ ಹೊತ್ತು ಅಲ್ಲೇ ನಿಂತಿತ್ತು.

ಅದಾದ ಮೇಲೆ ಮಾವನ ಮುಖ ಕೊಂಚ ಅರಳಿತು. ಮಧ್ಯಾಹ್ನ ಊಟವಾದೊಡನೆ ಚಪ್ಪಲಿ ಮೆಟ್ಟುವರು. "ಡಾಕ್ಟ್ರು ನಡೀಬೇಕು ಅಂದಿಲ್ವಾ? ನಡೆದು ಬರ್ತೀನಿ." ನಡೆದು ಬಂದವರು ಗೋಡೆ ಹಿಡಿದು ಒಳಗೆ ಬರುವರು. ಅತ್ತೆ, ಮೆಲ್ಲಗೆ ನಡೆಯಿರಿ ಎಂದು ಗದರಿ ಕಾಲಿಗೆ ಬಿಸಿನೀರು ಕೊಡುವರು. ಸಂಜೆಯ ಚಳಿ ಮತ್ತೆ ಬಂತು. ಹೊದೆಯುವ ಕಂಬಳಿ ಒಂದಿದ್ದದ್ದು ಎರಡಾಯಿತು. ಮಾತಾಡುವಾಗ ಮಾವ ಈಗ ವಾಕ್ಯದ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು, ಬಾವಿಯಿಂದ ನೀರು ಸೇದಿದ ಹಾಗೆ.

"ಮನೇಲಿ ಏನೂ ಉಳಿದಿಲ್ಲ. ಗೋಡೆಗೆ ಸುಣ್ಣ ಕೂಡ ಹೊಡೆದಾಯ್ತು. ಮತ್ತೆ ಯಾಕೆ?" ಎಂದು ಅತ್ತೆ ಪಾತ್ರೆಗಳನ್ನು ಕೇಳುತ್ತಿದ್ದರು. ಸೊಸೆ ಪಕ್ಕದಲ್ಲೇ ಇದ್ದರೂ ಅವಳನ್ನು ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಎದುರು ಮನೆಯ ಮುಂದೆ ಗಾಡಿಯಿಂದ ಮೂಟೆಗಳು ಇಳಿಯುತ್ತಿದ್ದವು. ಒಂದು ಮೂಟೆ ಬಾಯಿಬಿಚ್ಚಿ ಬೀದಿಗೆ ಮರದ ಹೊಟ್ಟು ಚೆಲ್ಲಿತು. ದರ್ಜಿಯ ಹೆಂಡತಿ ಅದನ್ನು ಪೊರಕೆಯಿಂದ ಗುಡಿಸಿ ಒಟ್ಟುಮಾಡುತ್ತಿದ್ದಳು. ಅವರ ಪಕ್ಕದ ಕೋಣೆಯ ಕಿಟಕಿಯಲ್ಲಿ ಪರದೆ ಇರಲಿಲ್ಲ. ಒಳಗಡೆಯಿಂದ ಪ್ಲಾಸ್ಟಿಕ್ ಹಾಳೆ ಬಿಗಿದಿತ್ತು.

ಸೊಸೆ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಕೆಳಗಿಳಿದಳು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಗೆ, "ಎದುರು ಮನೇಲಿ ಶುರುಮಾಡಿದ್ದಾರೆ ಅತ್ತೆ," ಎಂದಷ್ಟೇ ಹೇಳಿ ಬೀದಿ ದಾಟಿದಳು. ಅತ್ತೆ ತಲೆ ಎತ್ತಲಿಲ್ಲ.

ದರ್ಜಿಯ ಹೆಂಡತಿ ಅವಳನ್ನು ನೋಡಿದ್ದೇ ಪೊರಕೆಯನ್ನು ಅಡ್ಡ ಹಿಡಿದಳು. "ಬರ್ತೀಯ ಅಂತ ಗೊತ್ತಿತ್ತು."

"ಅಕ್ಕ, ನಿಮ್ಮತ್ತೆ ಮಲಗೋದು ಆ ಕೋಣೆ ಪಕ್ಕದಲ್ಲೇ. ಬೇಡ. ಆ ಧೂಳು ಎಂಥದ್ದು ಅಂತ ನಾನು ಹೇಳ್ತೀನಿ ಕೇಳಿ."

"ನೀವು ಬೆಳೆಸುವಾಗ ಬಂಗಾರ, ನಾವು ಬೆಳೆಸುವಾಗ ಧೂಳು!" ಅವಳು ಬೀದಿಗೆ ಕೇಳುವ ಹಾಗೆ ಅಂದಳು. "ಕಂಪನಿ ಮೇಡಂ ನಮ್ಮನ್ನ ಕೇಳಿದ್ದು ನಿಂಗೆ ಹೊಟ್ಟೆಕಿಚ್ಚಾ? ಇಷ್ಟು ದಿನ ಅಸ್ತರಿ ಹೊಲಿದು ಬೆನ್ನು ಮುರ್ಕೊಂಡಿದ್ದೀವಿ. ನಾವೂ ಸ್ವಲ್ಪ ಮೇಲೆ ಬರಬಾರದಾ?"

"ನಮ್ಮ ಮಾವನ್ನ ನೋಡಿ ಅಕ್ಕ. ಅವರ ಸ್ಥಿತಿ ನೋಡಿ."

ದರ್ಜಿಯ ಹೆಂಡತಿ ನಕ್ಕಳು. "ನೋಡದೇ ಏನು? ದಿನಾ ನೋಡ್ತೀವಲ್ಲ. ಎತ್ತಿಟ್ಟಿದ್ದ ಅಣಬೆ ಬೀಜ ಕೊಟ್ಟವರೂ ಅವರೇ, ಟ್ರೇ ಹಾಕೋದು ಕಲಿಸಿದವರೂ ಅವರೇ. ವಯಸ್ಸಿನ ಕೆಮ್ಮು ಅಂತ ಅವರ ಬಾಯಲ್ಲೇ ಹೇಳಿದ್ರು."

ಸೊಸೆ ಪೊರಕೆಯನ್ನು ಸರಿಸಿ ಒಳಗೆ ನುಗ್ಗಿದಳು. ಪಕ್ಕದ ಕೋಣೆಯ ಬಾಗಿಲು ತಳ್ಳಿದಳು.

ಮೊದಲು ಬಂದದ್ದು ಆ ಬೆಚ್ಚಗಿನ ತೇವ. ಅದರ ನಡುವೆ ಮಾವ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಟ್ರೇ. ದರ್ಜಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಮೂಲೆಯಲ್ಲಿ ದರ್ಜಿಯ ತಾಯಿ, ಕಣ್ಣು ಮಂದವಾದ ಮುದುಕಿ, ತನಗೂ ಒಂದು ಕೆಲಸ ಸಿಕ್ಕಿತೆಂಬ ಖುಷಿಯಲ್ಲಿ ಹೊಟ್ಟಿನ ಗಂಟುಗಳನ್ನು ಬೆರಳಿನಿಂದ ಒಡೆಯುತ್ತಿದ್ದಳು. ಯಾರ ಮೂಗಿಗೂ ಬಟ್ಟೆ ಇರಲಿಲ್ಲ.

"ಬಂದ್ಯಾ?" ಎಂದರು ಮಾವ. ಉಸಿರು ಎಳೆದುಕೊಂಡರು. "ನೋಡು... ಎಷ್ಟು ಚೆನ್ನಾಗಿ ಹಿಡಿದಿದೆ."

"ಏಳಿ ಮಾವ. ಮನೆಗೆ ಹೋಗೋಣ. ಅಜ್ಜಿ, ನೀವೂ ಹೊರಗೆ ಬನ್ನಿ."

"ಬಾಗಿಲು ಹಾಕು. ಗಾಳಿ ಒಳಗೆ ಬರುತ್ತೆ."

"ಮಾವ, ಡಾಕ್ಟ್ರು ಏನಂದ್ರು..."

"ನನ್ನ ಎದೆ ನನ್ನದು." ಅಷ್ಟು ಹೇಳಲು ಮೂರು ಸಲ ನಿಂತರು. "ನಿನ್ನ ಕೈಲಾಗಲ್ಲ ಅಂದ್ರೆ... ಬೇರೆಯವರ ಕೈಲಿ ಮಾಡಿಸ್ತೀನಿ. ಬಾಗಿಲು ಹಾಕ್ಕೊಂಡು ಹೋಗು."

ದರ್ಜಿ ಎದ್ದುನಿಂತ. ಬೈಯಲಿಲ್ಲ, ಸೊಸೆಗೆ ಕೈ ಮುಗಿದ. "ತಾಯಿ, ನಮಗೂ ಒಂದು ದಾರಿ ಆಗ್ತಿದೆ. ಕೆಡಿಸಬೇಡ." ಹಾಗೆನ್ನುತ್ತಲೇ ಬಾಗಿಲನ್ನು ಮೆಲ್ಲಗೆ ಅವಳ ಮುಖದ ಕಡೆಗೆ ತಳ್ಳತೊಡಗಿದ. ಹಿಂದಿನಿಂದ ಅವನ ಹೆಂಡತಿ ಸೊಸೆಯ ತೋಳು ಹಿಡಿದು ಎಳೆದಳು. ಸೊಸೆ ಬಾಗಿಲಿಗೆ ಕೈಕೊಟ್ಟಳು. ಆದರೆ ಅವಳೊಬ್ಬಳು, ಅವರಿಬ್ಬರು. ಬಾಗಿಲು ಮುಚ್ಚಿಕೊಳ್ಳುತ್ತ ಬಂತು.

ಆಗ ಯಾರೋ ಅವಳನ್ನು ಪಕ್ಕಕ್ಕೆ ಸರಿಸಿದರು. ಅತ್ತೆ. ಬರಿಗಾಲು, ಕೈಯಲ್ಲಿ ಇನ್ನೂ ತರಕಾರಿಯ ತೇವ. ಅವರು ಯಾರ ಮುಖವನ್ನೂ ನೋಡಲಿಲ್ಲ. ಸೀರೆಯ ನೆರಿಗೆ ಮಡಚಿಕೊಂಡು, ಮಂಡಿ ಹಿಡಿದು, ನಿಧಾನವಾಗಿ ಆ ಕೋಣೆಯ ಹೊಸ್ತಿಲ ಮೇಲೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ, ಕೂತುಬಿಟ್ಟರು.

"ಈಗ ಹಾಕಿ ಬಾಗಿಲು," ಎಂದರು. "ನೋಡೋಣ."

"ಏಳೇ," ಎಂದರು ಮಾವ.

"ಏಳಲ್ಲ."

"ಮಾಲು ಕೆಡುತ್ತೆ."

"ಕೆಡಲಿ. ಇವತ್ತು ಕೂತೆ, ನಾಳೆನೂ ಬಂದು ಕೂರ್ತೀನಿ. ಬೂಷ್ಟಿಗೆ ಇರೋ ಛಲ ನನಗಿಲ್ವಾ?" ಆಮೇಲೆ ತಿರುಗದೆಯೇ, ಇಷ್ಟು ದಿನಗಳ ಮೇಲೆ ಮೊದಲ ಸಲ, ಸೊಸೆಗೆ ಅಂದರು: "ನಿನ್ನನ್ನ ನಾನು ಕ್ಷಮಿಸಿಲ್ಲ. ಅದು ಬೇರೆ. ಆ ಅಜ್ಜಿ ಕೈ ಹಿಡಿದು ಹೊರಗೆ ಕರ್ಕೊಂಡು ಬಾ. ಆಮೇಲೆ ಬೀದಿಯವರನ್ನ ಕೂಗು. ಎಲ್ಲರೂ ಬಂದು ನನ್ನ ಗಂಡ ಕೆಮ್ಮೋದನ್ನ ಕೇಳಲಿ."

ಸೊಸೆ ಅತ್ತೆಯ ಭುಜ ಹಿಡಿದು ದಾಟಿ ಒಳಗೆ ಹೋದಳು. ಹೊಟ್ಟು ಅಂಟಿದ ಮುದುಕಿಯ ಬೆರಳುಗಳನ್ನು ಹಿಡಿದು ಎಬ್ಬಿಸಿದಳು. "ಏನಾಯ್ತಮ್ಮ? ಕೆಲಸ ಮುಗೀತಾ?" ಎಂದು ಮುದುಕಿ ಕೇಳುತ್ತಲೇ ಇದ್ದಳು. ಬೀದಿಯ ಬಾಗಿಲಲ್ಲಿ ಅಷ್ಟರಲ್ಲೇ ಇಬ್ಬರು ಮೂವರು ಬಂದು ನಿಂತಿದ್ದರು. ಒಳಗೆ ಮಾವ ಕೆಮ್ಮತೊಡಗಿದರು. ಈ ಸಲ ಅದು ನಿಲ್ಲಲಿಲ್ಲ. ತೊಡೆಯ ಮೇಲಿನ ಟ್ರೇ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲು ಬಗ್ಗಿದರು.

ಅತ್ತೆ ಹೊಸ್ತಿಲು ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ಗಂಡನ ಕಡೆಗೆ ಒಂದು ಕೈ ಚಾಚಿ ಹಿಡಿದಿದ್ದರು. ಬೀದಿಯ ಗಾಳಿ ಅವರ ಸೆರಗನ್ನು ಹಾರಿಸುತ್ತ ಕೋಣೆಯೊಳಕ್ಕೆ ನುಗ್ಗುತ್ತಿತ್ತು.